ದಾಯಾದಿ ಮತ್ಸರ

ಕನ್ನಡದಲ್ಲಿ ನರಿ ಎಂಬುದು ಬಹಳ ಧಾರಾಳವಾದ ಮಾತು. ಎಟುಕದ ದ್ರಾಕ್ಷಿಯನ್ನು ಹುಳಿಯೆಂದು ಹಳಿದು ಹೋದ ಈಸೋಪನ ಪ್ರಾಣಿಯೂ ನಮಗೆ ನರಿಯೇ. ನೀಲಿಯ ತೊಟ್ಟಿಯಲ್ಲಿ ಬಿದ್ದೆದ್ದು ಕಾಡಿಗೆ ಅರಸಾದ ಪಂಚತಂತ್ರದ ಪ್ರಾಣಿಯೂ ನರಿಯೇ. ಮೊದಲನೆಯದು ಇಂಗ್ಲಿಷಿನವರ ಫಾಕ್ಸ್, ಎರಡನೆಯದು ಜಾಕಲ್. ಬೇಕಾದಾಗ ಎರಡನೆಯದನ್ನು ಗುಳ್ಳೆನರಿಯೆಂದು ಕರೆದು ನಾವು ಸಮಾಧಾನ ಪಟ್ಟುಕೊಳ್ಳುತ್ತೇವೆ. ಪಾಠ ಹೇಳುವವನಿಗೆ ಇದರಿಂದ ತೊಂದರೆಯೇನೂ ಇಲ್ಲ. ಆದರೆ ಸ್ವತಃ ನರಿಗೆ ಈ ಭೇದ ಪ್ರಾಣದ ಪ್ರಶ್ನೆ. ನಾಯಿಯ ಕುಲದಲ್ಲಿ ಹಿರಿಯನು ಕಿರಿಯನನ್ನು ಕಂಡರೆ ಸಹಿಸುವುದಿಲ್ಲ. ನಮ್ಮಲ್ಲಿ ದಾಯಾದಿ ಮತ್ಸರವೆಂದು ಹೇಳುವುದುಂಟಲ್ಲ, ಅದು ಮನುಷ್ಯರಿಗಿಂತಲೂ ಮೊದಲು ಇವುಗಳಲ್ಲಿ ಹುಟ್ಟಿದ್ದಿರಬೇಕು.

ಕಾಲೇಜಿನ ವಾರ್ಷಿಕ ಸಂಚಿಕೆಗೆ ಅಮೆರಿಕೆಯ ಪ್ರವಾಸದ ವಿಚಾರ ಬರೆದುಕೊಡಿರೆಂದು ಸಂಪಾದಕ ಮಂಡಲಿಯ ವಿದ್ಯಾರ್ಥಿ ಮಿತ್ರರು ನನ್ನನ್ನು ಕೇಳಿದರು. ನಯಾಗರಾ ಜಲಪಾತವನ್ನೂ ನ್ಯೂಯಾರ್ಕಿನ ಗಗನಚುಂಬಿ ಕಟ್ಟಡಗಳನ್ನೂ ಕುರಿತು ಬರೆದವರು ಈಗಾಗಲೇ ಸಾಕಷ್ಟಿದ್ದಾರೆ. ಅವುಗಳಿಗೆ ನನ್ನ ಬರಹದಿಂದ ಹೊಸ ಶೋಭೆ ಬರುವಂತಿಲ್ಲ. 2023ರ ಮಾರ್ಚಿನಿಂದ ಆಗಸ್ಟಿನವರೆಗೆ ನಾನು ಇದ್ದದ್ದು ವಿಸ್ಕಾನ್ಸಿನ್ ಸಂಸ್ಥಾನದ ಮ್ಯಾಡಿಸನ್ ನಗರದಲ್ಲಿ, ಮಗಳ ಮನೆಯಲ್ಲಿ. ಅಲ್ಲಿ ನಾನು ನಿಜವಾಗಿ ನೋಡಿದ್ದು ಎರಡೇ: ಮೊಮ್ಮಗನನ್ನು ಮತ್ತು ನರಿಗಳನ್ನು. ಮೊಮ್ಮಗನ ವಿಚಾರ ಬರೆದರೆ ಓದುವವರು ನಾನೊಬ್ಬನೇ ಆಗುತ್ತೇನೆ. ಆದ್ದರಿಂದ ನರಿಯ ವಿಚಾರ.

ಮ್ಯಾಡಿಸನ್ ಸರೋವರಗಳ ಊರು. ಮೆಂಡೋಟಾ, ಮೊನೋನಾ ಎಂಬ ಎರಡು ದೊಡ್ಡ ಸರೋವರಗಳ ನಡುವಣ ಕಿರಿದಾದ ನೆಲದ ಮೇಲೆ ಊರಿನ ಹೃದಯಭಾಗವಿದೆ. ನಾನು ಹೋದಾಗ ಹಿಮ ಇನ್ನೂ ಕರಗಿರಲಿಲ್ಲ. ಪಕ್ಕದ ಮನೆಯಲ್ಲಿ ವಯಸ್ಸಾದ ಹೆಂಗಸೊಬ್ಬರು, ನಿವೃತ್ತ ಶಾಲಾ ಉಪಾಧ್ಯಾಯಿನಿ, ಒಬ್ಬರೇ ವಾಸವಾಗಿದ್ದರು. ಅವರ ಹಿತ್ತಲಿನಲ್ಲಿ ಹುಲ್ಲು ಕತ್ತರಿಸುವ ಯಂತ್ರ, ಗುದ್ದಲಿ ಮುಂತಾದವನ್ನು ಇಡುವ ಮರದ ಕೊಟ್ಟಿಗೆಯೊಂದಿದ್ದಿತು. ಅದರ ಅಡಿಯಲ್ಲಿ ಒಂದು ಹೆಣ್ಣು ನರಿ ಬಿಲ ತೋಡಿ ಮರಿ ಹಾಕಿತ್ತು. ಕೆಂಪು ನರಿ, ಕಾಲು ಕಪ್ಪು, ಬಾಲದ ತುದಿ ಬೆಳ್ಳಗೆ. ಏಪ್ರಿಲ್ ಕೊನೆಗೆ ಮರಿಗಳು ಹೊರಗೆ ಬಂದವು. ಮೊಮ್ಮಗ ದಿನವೂ ಬೆಳಗ್ಗೆ ಕಿಟಕಿಯ ಬಳಿ ನಿಂತು ಎಣಿಸಿ ನನಗೆ ವರದಿ ಒಪ್ಪಿಸುತ್ತಿದ್ದ: “ಅಜ್ಜಾ, ಇವತ್ತೂ ಐದ ಅದಾವು.” ಅವನ ತಾಯಿ ಅವನಿಗೆ ನಮ್ಮ ಕೊಪ್ಪಳದ ಕಡೆಯ ಮಾತನ್ನೇ ಕಲಿಸಿದ್ದಾಳೆಂಬುದು ನನಗೆ ಪರಮ ಸಂತೋಷದ ವಿಷಯ.

ಮೇ ತಿಂಗಳ ಮೊದಲ ವಾರದ ಒಂದು ಬೆಳಗ್ಗೆ ನಾಲ್ಕೇ ಇದ್ದವು. ಐದನೆಯದು ಬೇಲಿಯ ಹತ್ತಿರ ಸತ್ತು ಬಿದ್ದಿತ್ತು. ಬೆನ್ನಿನ ಮೇಲೆ ಹಲ್ಲಿನ ಗುರುತುಗಳು. ಆದರೆ ಕೊಂದವನು ಒಂದು ತುತ್ತನ್ನೂ ತಿಂದಿರಲಿಲ್ಲ. ಆ ಮುದುಕಿ ನೋಡಿದ ಕೂಡಲೇ, “ಕಾಯೋಟಿ” ಎಂದರು.

ಹಿಂದಿನ ರಾತ್ರಿ ಅದರ ಕೂಗನ್ನು ನಾನೂ ಕೇಳಿದ್ದೆನು. ಅರೆನಿದ್ದೆಯಲ್ಲಿ ಆ ಕೂಗು ಅಪರಿಚಿತವೆಂದು ತೋರಲಿಲ್ಲ; ಹೊಲದಾಚೆಯ ಹಳ್ಳದಲ್ಲಿ ಗುಳ್ಳೆನರಿಗಳು ಊಳಿಟ್ಟಂತೆಯೇ ಇದ್ದಿತು. ಇದರಲ್ಲಿ ಆಶ್ಚರ್ಯವಿಲ್ಲ. ಕಾಯೋಟಿಯನ್ನು ಅಮೆರಿಕೆಯ ಗುಳ್ಳೆನರಿಯೆಂದು ಕರೆಯುವುದೂ ಉಂಟು. ನಮ್ಮದಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೆ. ಹೆಸರು ಮೆಕ್ಸಿಕೋದ ಆಸ್ಟೆಕ್ ಜನರ ನುಡಿಯಿಂದ ಬಂದದ್ದು. 1823ರಲ್ಲಿ ಥಾಮಸ್ ಸೇ ಎಂಬ ಪ್ರಾಣಿಶಾಸ್ತ್ರಜ್ಞನು ‘ಬೊಗಳುವ ನಾಯಿ’ ಎಂಬ ಅರ್ಥ ಬರುವಂತೆ ಅದಕ್ಕೆ ಕೇನಿಸ್ ಲ್ಯಾಟ್ರನ್ಸ್ ಎಂದು ಶಾಸ್ತ್ರೀಯ ನಾಮಕರಣ ಮಾಡಿದನು. ಅಲ್ಲಿಯ ಮೂಲನಿವಾಸಿಗಳ ಕಥೆಗಳಲ್ಲಿ ಇದು ಮಹಾ ಕಪಟಿ, ಒಮ್ಮೊಮ್ಮೆ ಸೃಷ್ಟಿಕಾರ್ಯದಲ್ಲಿ ಕೈಹಾಕಿದ ಪುಣ್ಯಾತ್ಮ, ತನ್ನ ತಂತ್ರಕ್ಕೆ ತಾನೇ ಸಿಕ್ಕಿಬೀಳುವ ಪೆದ್ದ. ನಮ್ಮ ಕರಟಕ ದಮನಕರು ಇದನ್ನು ಕಂಡಿದ್ದರೆ ಮೂರನೆಯವನಾಗಿ ಸೇರಿಸಿಕೊಳ್ಳುತ್ತಿದ್ದರೇನೋ.

ಮೊದಲು ಇದು ಹೆಚ್ಚಾಗಿ ಪಶ್ಚಿಮದ ಹುಲ್ಲುಗಾವಲುಗಳಲ್ಲಿಯೂ ಮರುಭೂಮಿಯಲ್ಲಿಯೂ ಇದ್ದಿತು. ಕಾಡು ತೋಳನದಾಗಿತ್ತು. ಬಿಳಿಯ ಜನರು ಬಂದು ಕಾಡು ಕಡಿದರು. ದನ ಕುರಿಗಳ ನೆವದಿಂದ ತೋಳವನ್ನು ಬಂದೂಕಿನಿಂದಲೂ ವಿಷದಿಂದಲೂ ಬೋನಿನಿಂದಲೂ ಮುಗಿಸಿದರು. ಯಜಮಾನನಿಲ್ಲದ ಮನೆಗೆ ಕಾಯೋಟಿ ನಡೆದು ಬಂದಿತು. ಪೂರ್ವಕ್ಕೆ ಹೋದವು ದಾರಿಯಲ್ಲಿ ಅಳಿದುಳಿದ ತೋಳಗಳೊಂದಿಗೂ ನಾಯಿಗಳೊಂದಿಗೂ ನೆಂಟಸ್ತನ ಬೆಳೆಸಿ ಇನ್ನಷ್ಟು ದೊಡ್ಡ ಮೈ ಪಡೆದವು. ಇಂದು ಹವಾಯಿಯನ್ನು ಬಿಟ್ಟು ಉಳಿದ 49 ಸಂಸ್ಥಾನಗಳಲ್ಲಿಯೂ ಕಾಯೋಟಿ ಇದೆ. ದಕ್ಷಿಣದಲ್ಲಿ ಪನಾಮಾವನ್ನು ಮುಟ್ಟಿದೆ. ಷಿಕಾಗೋ ಮಹಾನಗರದ ಕಾಯೋಟಿಗಳ ಮೇಲೆ 2000ನೆಯ ಇಸವಿಯಿಂದ ಒಂದು ದೊಡ್ಡ ಸಂಶೋಧನೆಯೇ ನಡೆದು ಬಂದಿದೆ.

ಈ ಹರಡುವಿಕೆಯಲ್ಲಿ ತುಳಿತಕ್ಕೆ ಸಿಕ್ಕಿದ್ದು ನರಿ. ಕೆಂಪು ನರಿಯ ತೂಕ ನಾಲ್ಕಾರು ಕಿಲೋ. ಕಾಯೋಟಿ ಅದರ ಮೂರರಷ್ಟು. ಇಬ್ಬರ ಊಟವೂ ಬಹುಮಟ್ಟಿಗೆ ಒಂದೇ: ಇಲಿ, ಮೊಲ, ಹಣ್ಣು, ಸತ್ತ ಪ್ರಾಣಿ. ಒಂದೇ ಹೊಲಕ್ಕೆ ಇಬ್ಬರು ವಾರಸುದಾರರು ಬಂದರೆ ಏನಾಗುತ್ತದೆಂಬುದನ್ನು ನಮ್ಮ ತಾಲ್ಲೂಕು ಕಚೇರಿಯ ಜಗಲಿಯಲ್ಲಿ ಕುಳಿತವರು ಬಲ್ಲರು. ಕಾಯೋಟಿ ನರಿಯನ್ನು ಕೊಲ್ಲುವುದು ಹಸಿವಿಗಾಗಿ ಅಲ್ಲ. ಕೊಂದು ಎಷ್ಟೋ ಸಲ ಹಾಗೆಯೇ ಬಿಟ್ಟು ಹೋಗುತ್ತದೆ. ಆ ಬೇಲಿಯ ಬಳಿಯ ಮರಿಯ ಅರ್ಥ ನನಗೆ ತಿಳಿದದ್ದು ಆಗ.

ಆ ಮುದುಕಿಯೂ ನಾನೂ ಸಾಯಂಕಾಲ ಅವರ ಜಗಲಿಯಲ್ಲಿ ಕುಳಿತು ಈ ವಿಚಾರವನ್ನೇ ಮಾತನಾಡುತ್ತಿದ್ದೆವು. ಅವರ ಬಳಿ ಪುಸ್ತಕಗಳಿದ್ದವು. ನಗರದ ಗ್ರಂಥಾಲಯದಿಂದ ನಾನೂ ತಂದೆ. ಉತ್ತರ ಡಕೋಟಾದಲ್ಲಿ ಎರಡೂ ಪ್ರಾಣಿಗಳಿಗೆ ರೇಡಿಯೋ ಕಟ್ಟಿ ನಡೆಸಿದ ಅಧ್ಯಯನವೊಂದು 1987ರಲ್ಲಿ ಪ್ರಕಟವಾಯಿತು. ನರಿ ಸಂಸಾರಗಳು ಕಾಯೋಟಿಯ ಎಲ್ಲೆಯ ಒಳಗೆ ಇರದೆ ಅಂಚಿನಲ್ಲಿಯೋ, ಎರಡು ಕಾಯೋಟಿ ಸಂಸಾರಗಳ ನಡುವಣ ತುಂಡು ನೆಲದಲ್ಲಿಯೋ ಬದುಕುತ್ತಿದ್ದುದನ್ನು ಅದು ತೋರಿಸಿತು. ಇಬ್ಬರು ಗೌಡರ ಹೊಲದ ನಡುವಣ ಬದುವಿನ ಮೇಲೆ ಗುಡಿಸಲು ಹಾಕಿಕೊಂಡ ಬಡವನ ಹಾಗೆ. ಅಂದಮೇಲೆ ಕಾಯೋಟಿಯ ಪ್ರಭಾವವನ್ನು ಅದು ಕೊಂದ ನರಿಗಳ ಲೆಕ್ಕದಿಂದ ಮಾತ್ರ ಅಳೆಯಲಾಗದು. ಹೆದರಿ ಬಿಟ್ಟ ನೆಲ, ಆ ನೆಲದಲ್ಲಿ ಹುಟ್ಟದೆ ಹೋದ ಮರಿ, ಇವೂ ಲೆಕ್ಕಕ್ಕೆ ಬರಬೇಕು.

ಊರೊಳಗೆ ನರಿ ಬಂದದ್ದೂ ಇದರಿಂದಲೇ ಎನ್ನಬಹುದು. ನೂರಾರು ವರ್ಷ ಗುಂಡು ತಿಂದ ಕಾಯೋಟಿಗೆ ಮನುಷ್ಯನನ್ನು ಕಂಡರೆ ಅಂಜಿಕೆ ಹೆಚ್ಚು. ನರಿ ಆ ಅಂಜಿಕೆಯನ್ನು ತನ್ನ ಕೋಟೆ ಮಾಡಿಕೊಂಡಿದೆ: ಕೊಟ್ಟಿಗೆಯ ಅಡಿ, ಶಾಲೆಯ ಹಿತ್ತಲು, ರಸ್ತೆಯ ಮೋರಿ. ಮ್ಯಾಡಿಸನ್ನಿನಲ್ಲಿಯೇ 2015ರ ಜನವರಿಯಿಂದ 2016ರ ಡಿಸೆಂಬರಿನವರೆಗೆ ವಿಶ್ವವಿದ್ಯಾಲಯದವರು 11 ಕಾಯೋಟಿಗಳನ್ನೂ 12 ನರಿಗಳನ್ನೂ ಹಿಂಬಾಲಿಸಿ ನೋಡಿದರು. ಕಾಯೋಟಿಗಳು ಮರಗಿಡಗಳಿರುವ ಬಯಲನ್ನು ಆರಿಸಿಕೊಂಡರೆ ನರಿಗಳು ಮನೆಗಳ ನಡುವೆ ಹೆಚ್ಚು ಓಡಾಡಿದವು. ಆದರೂ ಅವುಗಳ ಎಲ್ಲೆಗಳು ಒಂದರ ಮೇಲೊಂದು ಬಿದ್ದಿದ್ದವು, ತಿರುಗಾಡುವ ಹೊತ್ತೂ ಒಂದೇ ಆಗಿತ್ತು. ಊರಿನಲ್ಲಿ ಅನ್ನ ಧಾರಾಳವಾಗಿರುವುದರಿಂದ ಹಗೆತನ ಸ್ವಲ್ಪ ಸಡಿಲವಾಗುವುದೆಂದು ಪಂಡಿತರ ಊಹೆ. ಈ ಊಹೆಯನ್ನು ಓದಿ ಹೇಳಿದಾಗ ಮುದುಕಿ ಬೇಲಿಯ ಕಡೆ ನೋಡಿ ಸುಮ್ಮನಾದರು.

ಕೆಂಪು ನರಿಗಾದರೂ ಊರಿದೆ. ಅದಕ್ಕಿಂತ ಸಣ್ಣವುಗಳ ಪಾಡು ಬೇರೆ. ಬೂದು ನರಿ ಮರ ಹತ್ತಬಲ್ಲುದು, ಕಾಯೋಟಿ ಹತ್ತಲಾರದು, ಅದೊಂದು ಉಪಾಯ. ಮರವಿಲ್ಲದ ಬಯಲಿನ ಸ್ವಿಫ್ಟ್ ನರಿಯೂ ಮರುಭೂಮಿಯ ಕಿಟ್ ನರಿಯೂ ಎರಡು ಕಿಲೋ ತೂಗುವ ಜೀವಗಳು. ಅವಕ್ಕೆ ಬಿಲವೇ ಗತಿ. ಬೇರೆ ನರಿಗಳು ಮರಿ ಹಾಕುವಾಗ ಮಾತ್ರ ಬಿಲ ಹುಡುಕಿದರೆ ಇವು ವರ್ಷವಿಡೀ ಬಿಲದಲ್ಲಿರುತ್ತವೆ; ಒಂದಲ್ಲ, ಹತ್ತಾರು ಬಿಲ, ಬಾಯಿ ಕಾಯೋಟಿಯ ಭುಜ ಹಿಡಿಸದಷ್ಟು ಕಿರಿದು. ಕೆನಡಾದಲ್ಲಿ ಸ್ವಿಫ್ಟ್ ನರಿಯನ್ನು ಕಾಡಿನಲ್ಲಿ ಕೊನೆಯದಾಗಿ ಕಂಡದ್ದು 1938ರಲ್ಲಿ. ತೋಳಕ್ಕೂ ಕಾಯೋಟಿಗೂ ಇಟ್ಟ ವಿಷವನ್ನು ತಿಂದು ಸತ್ತವೂ ಅನೇಕ. 1983ರಲ್ಲಿ ಅಲ್ಲಿ ಮತ್ತೆ ತಂದು ಬಿಟ್ಟರು. ಬಿಟ್ಟ ನರಿಗಳನ್ನು ಕೊಂದವರ ಪಟ್ಟಿಯಲ್ಲಿ ಕಾಯೋಟಿಯ ಹೆಸರು ಮೇಲೆಯೇ ಇದ್ದಿತು. ಆದರೂ ಬಳಗ ನಿಂತಿತು. ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆಯ ಕಿಟ್ ನರಿಯನ್ನು 1967ರಲ್ಲಿಯೇ ಅಪಾಯದಲ್ಲಿರುವ ಪ್ರಾಣಿಯೆಂದು ಸರಕಾರ ಪಟ್ಟಿಗೆ ಸೇರಿಸಿತು. ಅದೂ ಬೇಕರ್ಸ್‌ಫೀಲ್ಡ್ ಎಂಬ ಊರಿನೊಳಗೆ ಸೇರಿ ಚೆನ್ನಾಗಿ ಬಾಳಿತು. 2013ರಲ್ಲಿ ಕಜ್ಜಿರೋಗ ತಗುಲಿ ಆ ಆಶ್ರಯವೂ ಅಲುಗಿತು. ಊರೆಂದರೆ ಒತ್ತೊತ್ತಾಗಿ ಬಾಳುವುದು. ರೋಗಕ್ಕೆ ಅದು ಅನುಕೂಲ.

ಮರಿ ಸತ್ತ ಮೇಲೆ ಆ ಬೀದಿಯವರು ಒಂದು ಸಂಜೆ ಸಭೆ ಸೇರಿದರು. ಒಬ್ಬರ ಬೆಕ್ಕು ಕಾಣೆಯಾಗಿತ್ತು. ಇನ್ನೊಬ್ಬರ ನಾಯಿಮರಿಯನ್ನು ಕಾಯೋಟಿ ಅಟ್ಟಿಸಿಕೊಂಡು ಬಂದಿತ್ತು. ಬೋನಿಟ್ಟು ಹಿಡಿಯುವವರನ್ನು ಕೂಲಿಗೆ ಕರೆಸೋಣ ಎಂದರು ಕೆಲವರು. ಆ ಸಂಸ್ಥಾನದಲ್ಲಿ ಕಾಯೋಟಿಯ ಬೇಟೆಗೆ ವರ್ಷವೆಲ್ಲ ಅವಕಾಶವಿದೆ, ಊರೊಳಗೆ ಬಂದೂಕು ಹಾರಿಸುವಂತಿಲ್ಲ ಅಷ್ಟೆ. ನರಿಯ ಮೇಲಿನ ಪ್ರೀತಿಯಿಂದ ಮುದುಕಿಯೂ ಒಪ್ಪುವರೆಂದು ಎಲ್ಲರೂ ಎಣಿಸಿದ್ದರು. ಅವರು ಒಪ್ಪಲಿಲ್ಲ. ಅವರ ವಾದವನ್ನು ನಾನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ಇಡೀ ಪ್ರವಾಸದಲ್ಲಿ ನಾನು ಕೇಳಿದ ಮಾತುಗಳಲ್ಲಿ ಬುದ್ಧಿವಂತಿಕೆಯ ಮಾತು ಅದು.

ಕೊಲ್ಲುವುದನ್ನು ನಾವು ಮಾಡಿ ನೋಡಿಲ್ಲವೇ ಎಂದರು ಅವರು. ಒಂದು ಶತಮಾನಕ್ಕೂ ಮೀರಿ ಮಾಡಿದ್ದೇವೆ. ಈಗಲೂ ಕೇಂದ್ರ ಸರಕಾರದ ಇಲಾಖೆಯೊಂದು ವರ್ಷಕ್ಕೆ ಹತ್ತಾರು ಸಾವಿರ ಕಾಯೋಟಿಗಳನ್ನು ಕೊಲ್ಲುತ್ತದೆ. ವಿಷವನ್ನಂತೂ ಎಷ್ಟು ಚೆಲ್ಲಿದರೆಂದರೆ 1972ರಲ್ಲಿ ಅಧ್ಯಕ್ಷ ನಿಕ್ಸನ್ನರೇ ಕೇಂದ್ರದ ಭೂಮಿಯಲ್ಲಿ ಅದನ್ನು ನಿಲ್ಲಿಸುವಂತೆ ಆಜ್ಞೆ ಹೊರಡಿಸಬೇಕಾಯಿತು. ಇಷ್ಟಾದರೂ ಅದು ಕುಗ್ಗದೆ ದೇಶವನ್ನೆಲ್ಲ ಹಬ್ಬಿತು. ಕಾರಣವಿಷ್ಟೆ: ಸಂಸಾರದ ಹಿರಿಯ ಗಂಡು ಹೆಣ್ಣನ್ನು ಕೊಂದರೆ ಅದುವರೆಗೆ ಮರಿ ಹಾಕದೆ ಇದ್ದ ಕಿರಿಯ ಹೆಣ್ಣುಗಳು ಮರಿ ಹಾಕುತ್ತವೆ, ಬಾಯಿ ಕಡಿಮೆಯಾದ್ದರಿಂದ ಹುಟ್ಟಿದ ಮರಿಗಳಲ್ಲಿ ಹೆಚ್ಚು ಉಳಿಯುತ್ತವೆ, ಖಾಲಿಯಾದ ಎಲ್ಲೆಗೆ ಹೊರಗಿನ ಪುಂಡರು ನುಗ್ಗುತ್ತಾರೆ. ನರಿಯ ಸಲುವಾಗಿಯೇ ಕೊಂದು ನೋಡಿದ್ದೂ ಉಂಟು. ಟೆಕ್ಸಾಸಿನ ವಾಯವ್ಯ ಮೂಲೆಯಲ್ಲಿ ಕಾಯೋಟಿಗಳನ್ನು ತೆಗೆದಾಗ ಸ್ವಿಫ್ಟ್ ನರಿಗಳು ನಿಜವಾಗಿಯೂ ಹೆಚ್ಚಿದವು. 2003ರಲ್ಲಿ ಅದರ ವರದಿ ಬಂದಿತು. ಕ್ಯಾಲಿಫೋರ್ನಿಯಾದ ಎಲ್ಕ್ ಹಿಲ್ಸ್ ಎಣ್ಣೆಭೂಮಿಯಲ್ಲಿ 1985ರಿಂದ 1990ರವರೆಗೆ ಕಿಟ್ ನರಿಗಾಗಿ ಇದೇ ಕೆಲಸ ಮಾಡಿದರು. ನರಿಗೆ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಲಾಭ ಬಂದ ಕಡೆಯೂ ಕೊಲ್ಲುವ ಕೈ ನಿಂತ ದಿನ ಅದೂ ನಿಲ್ಲುವುದೇ ತಾನೆ? “ಈ ಬೀದಿಯಲ್ಲಿ ಆ ಕೈ ಯಾರದು? ಪ್ರತಿವರ್ಷ, ಎಂದೆಂದಿಗೂ?” ಎಂದು ಅವರು ಕೇಳಿದರು. ಯಾರೂ ಉತ್ತರ ಹೇಳಲಿಲ್ಲ.

ಅವರು ಇನ್ನೂ ಒಂದು ಮಾತನ್ನು ಸೇರಿಸಿದರು. ನರಿಯೇನು ಸಾಧುವೇ? ಉತ್ತರದ ಹುಲ್ಲುಗಾವಲಿನ ಕೆರೆಗಳಲ್ಲಿ ಕಾಡುಬಾತುಗಳು ಗೂಡುಕಟ್ಟುತ್ತವೆ. ನರಿಗಳೇ ಇರುವ ಸೀಮೆಯಲ್ಲಿ ನೂರಕ್ಕೆ 17 ಗೂಡುಗಳು ಮಾತ್ರ ಮರಿಮಾಡಿದರೆ, ಕಾಯೋಟಿಗಳಿರುವ ಸೀಮೆಯಲ್ಲಿ 32 ಮರಿಮಾಡಿದವೆಂದು 1995ರಲ್ಲಿ ಸಂಶೋಧಕರು ಲೆಕ್ಕ ಕೊಟ್ಟರು. ಕಾಯೋಟಿಯ ಒಂದು ಸಂಸಾರಕ್ಕೆ ಬೇಕಾದ ನೆಲದಲ್ಲಿ ನರಿಗಳ ಹಲವು ಸಂಸಾರಗಳಿರುತ್ತವೆ. ಮೊಟ್ಟೆಯ ಚಪಲವೂ ನರಿಗೇ ಹೆಚ್ಚು. ಬಾತುಕೋಳಿಗೆ ಮತ ಕೊಡುವ ಹಕ್ಕಿದ್ದರೆ ಅದು ಕಾಯೋಟಿಗೇ ಕೊಡುತ್ತಿತ್ತು. ಸಭೆಯಲ್ಲಿ ನಗು ಎದ್ದಿತು. ಬೋನಿನ ಪ್ರಸ್ತಾಪ ಅಲ್ಲಿಗೆ ಬಿದ್ದಿತು.

ನನ್ನ ಮಗಳು ಮಾತ್ರ ನಗಲಿಲ್ಲ. ಅದಕ್ಕೂ ಕಾರಣವಿತ್ತು. ಹಿಂದಿನ ಬೇಸಿಗೆಯಲ್ಲಿ ಮೊಮ್ಮಗನ ತೊಡೆಯ ಮೇಲೆ ಬಿಲ್ಲುಗಾರನ ಗುರಿಯಂತೆ ಕೆಂಪು ವೃತ್ತ ಮೂಡಿ ಜ್ವರ ಬಂದಿತ್ತು. ಅದು ಲೈಮ್ ರೋಗ. ಉಣ್ಣೆಯ ಕಡಿತದಿಂದ ಬರುವುದು. ಕನೆಕ್ಟಿಕಟ್ ಸಂಸ್ಥಾನದ ಲೈಮ್ ಎಂಬ ಊರಿನಲ್ಲಿ 1970ರ ದಶಕದಲ್ಲಿ ಇದನ್ನು ಗುರುತಿಸಿದ್ದರಿಂದ ಆ ಹೆಸರು. ಹುಡುಗನಿಗೆ ವಾರಗಟ್ಟಲೆ ಔಷಧ ಕೊಡಿಸಿ ಗುಣವಾಯಿತು. ಆದರೆ ಅಂದಿನಿಂದ ಪ್ರತಿಸಂಜೆ ಅವನ ಮೈಯನ್ನು ದೀಪದ ಬೆಳಕಿನಲ್ಲಿ ಪರೀಕ್ಷಿಸುವುದು ಆ ಮನೆಯ ಸಂಧ್ಯಾವಂದನೆಯಾಗಿದೆ. ಈ ಉಣ್ಣೆಗಳು ಮರಿಯಾಗಿರುವಾಗ ರೋಗವನ್ನು ಪಡೆಯುವುದು ಹೆಚ್ಚಾಗಿ ಬಿಳಿಗಾಲಿನ ಒಂದು ಸಣ್ಣ ಇಲಿಯಿಂದ. ಆ ಇಲಿಗಳನ್ನು ಚೆನ್ನಾಗಿ ಹಿಡಿಯುವುದು ನರಿ. ವಿಸ್ಕಾನ್ಸಿನ್ ಸೇರಿದಂತೆ ನಾಲ್ಕು ಸಂಸ್ಥಾನಗಳ ಅಂಕಿಗಳನ್ನು ಹೋಲಿಸಿ, ಲೈಮ್ ರೋಗದ ಏರಿಕೆ ಜಿಂಕೆಗಳ ಸಂಖ್ಯೆಗಿಂತ ನರಿಗಳ ಇಳಿತ, ಕಾಯೋಟಿಗಳ ಏರಿಕೆಗಳೊಂದಿಗೆ ಹೆಚ್ಚು ಹೊಂದಿಕೊಳ್ಳುತ್ತದೆಂದು 2012ರಲ್ಲಿ ಪ್ರಕಟವಾದ ಲೇಖನವೊಂದು ವಾದಿಸಿತು. ಅಂಕಿಗಳ ಹೊಂದಿಕೆಯೇ ಕಾರಣವಲ್ಲವೆಂಬುದು ನಿಜ. ಆದರೆ ಮಗುವಿನ ಕಾಲನ್ನು ದೀಪ ಹಿಡಿದು ನೋಡುವ ತಾಯಿಗೆ ಹಿತ್ತಲಿನಲ್ಲಿ ಒಂದು ನರಿ ಹೆಚ್ಚಿದ್ದರೆ ಒಳ್ಳೆಯದೆಂದು ಅನ್ನಿಸುವುದು ಸಹಜ. ಮುದುಕಿಯ ವಾದ ಎಷ್ಟು ಸೊಗಸಾಗಿದ್ದರೂ ಅವಳಿಗೆ ಅದು ಹಿಡಿಸಲಿಲ್ಲ. ಅವಳನ್ನು ನಾನು ಒಪ್ಪಿಸಲೂ ಹೋಗಲಿಲ್ಲ.

ಕಾಯೋಟಿಯನ್ನು ಅಂಕೆಯಲ್ಲಿಡಬಲ್ಲ ಪ್ರಾಣಿ ಒಂದೇ, ತೋಳ. ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ತೋಳಗಳನ್ನು 1926ರ ಹೊತ್ತಿಗೆ ನಿರ್ಮೂಲ ಮಾಡಿದ್ದರು. 1995–96ರಲ್ಲಿ ಕೆನಡಾದಿಂದ 31 ತೋಳಗಳನ್ನು ತಂದು ಬಿಟ್ಟರು. ಕೆಲವೇ ವರ್ಷಗಳಲ್ಲಿ ಅಲ್ಲಿಯ ಉತ್ತರ ಭಾಗದ ಕಾಯೋಟಿಗಳು ಅರ್ಧದಷ್ಟಾದವು. 2015ರಲ್ಲಿ ಇಬ್ಬರು ವಿದ್ವಾಂಸರು, ನ್ಯೂಸಮ್ ಮತ್ತು ರಿಪಲ್, ಅಲಾಸ್ಕಾ ಮತ್ತು ಕೆನಡಾದ ತುಪ್ಪಳ ವ್ಯಾಪಾರದ ಹಳೆಯ ಲೆಕ್ಕಗಳನ್ನು ತೆಗೆದು ನೋಡಿದರು. ತೋಳವಿರುವ ಸೀಮೆಯಿಂದ ನರಿಯ ಚರ್ಮ ಹೆಚ್ಚು ಬಂದಿತ್ತು, ಕಾಯೋಟಿಯದು ಕಡಿಮೆ. ತೋಳವಿಲ್ಲದ ಸೀಮೆಯಿಂದ ಕಾಯೋಟಿಯದೇ ಹೆಚ್ಚು. ಅತಿ ದೊಡ್ಡವನಿಗೆ ಅತಿ ಸಣ್ಣವನ ಮೇಲೆ ಹಗೆಯಿಲ್ಲ. ಅವನ ಕಣ್ಣು ಬದುವಿನಾಚೆಯ ನಡುವಿನವನ ಮೇಲೆ. ವ್ಯಾಪಾರಿಯ ಖಾತೆಪುಸ್ತಕದಿಂದ ಕಾಡಿನ ರಾಜಕೀಯವನ್ನು ಓದಿದ ಈ ಜಾಣ್ಮೆ ನನಗೆ ಶಾಸನ ಓದುವವರನ್ನು ನೆನಪಿಗೆ ತಂದಿತು.

ವಿಸ್ಕಾನ್ಸಿನ್ನಿನ ಉತ್ತರದ ಕಾಡುಗಳಿಗೆ ತೋಳ 1970ರ ದಶಕದಲ್ಲಿ ತಾನಾಗಿಯೇ ಮರಳಿದೆ. ಮ್ಯಾಡಿಸನ್ನಿನ ಹಿತ್ತಲುಗಳಿಗೆ ಅದು ಬರುವಂತಿಲ್ಲ. ಬಂದರೆ ಆ ಬೀದಿಯ ಸಭೆ ಹೇಗೆ ನಡೆದೀತೆಂಬುದನ್ನು ಹೇಳಬೇಕಾಗಿಲ್ಲ. ಅವರನ್ನು ಹಳಿಯುವ ಯೋಗ್ಯತೆ ನಮ್ಮ ಕಡೆಯವರಿಗೂ ಇಲ್ಲ. ನನ್ನ ಸೋದರಮಾವನವರು ಕುರಿ ಕಾಯುತ್ತಿದ್ದರು. ನಾನು ಹತ್ತು ವರ್ಷದವನಿದ್ದಾಗ ಗುಡ್ಡದ ಗವಿಯಲ್ಲಿದ್ದ ತೋಳದ ಮರಿಗಳನ್ನು ಹೊಗೆ ಹಾಕಿ ಕೊಂದು ಬಂದರು. “ತ್ವಾಳ ಹ್ವಾದ್ರ ಕುರಿ ಉಳೀತಾವ” ಎಂದು ಅವತ್ತು ಊರೆಲ್ಲ ಸಂಭ್ರಮಿಸಿತು. ಒಂದೇ ತೋಳ ಒಂದೇ ರಾತ್ರಿ ಅವರ ಮೂರು ಕುರಿ ಎಳೆದಿತ್ತೆಂಬುದನ್ನೂ ಹೇಳಬೇಕು. ಹೊಟ್ಟೆಪಾಡಿನವರ ಸಿಟ್ಟನ್ನು ಗ್ರಂಥಾಲಯದಲ್ಲಿ ಕುಳಿತವನು ಅಳೆಯಬಾರದು. ಮುಪ್ಪಿನಲ್ಲಿ ಅವರೇ ಬೀದಿನಾಯಿಗಳ ಹಿಂಡನ್ನು ನೋಡಿ, “ತ್ವಾಳಕ್ಕ ಒಂದ ಕುರಿ ಸಾಕಾಗತಿತ್ತು, ಈ ನಾಯಿಗೊಳಿಗೆ ಹಟ್ಟಿಗೆ ಹಟ್ಟೀನ ಬೇಕು” ಎಂದು ಗೊಣಗುತ್ತಿದ್ದರು. ನಮ್ಮ ಬಯಲಿನ ಸಣ್ಣ ನರಿಗೆ, ಗೆದ್ದಲನ್ನೂ ಇಲಿಯನ್ನೂ ಬೋರೆಹಣ್ಣನ್ನೂ ತಿಂದು ಬದುಕುವ ಆ ಬಡಪ್ರಾಣಿಗೆ, ಇಂದು ಕಾಯೋಟಿಯ ಪಾತ್ರ ವಹಿಸುತ್ತಿರುವುದು ನಾವೇ ಸಾಕಿ ಬೀದಿಗೆ ಬಿಟ್ಟ ನಾಯಿ. ನೆರೆಯ ಸೊಲ್ಲಾಪುರ ಜಿಲ್ಲೆಯ ನನ್ನಜ್‌ನ ಹುಲ್ಲುಗಾವಲಿನಲ್ಲಿ ಬೆಂಗಳೂರಿನ ಅಬಿ ವನಕ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿ, ನಾಯಿಯ ಸುಳಿವಿದ್ದರೆ ನರಿ ಎದುರಿನ ಆಹಾರವನ್ನೂ ನೆಮ್ಮದಿಯಿಂದ ತಿನ್ನುವುದಿಲ್ಲವೆಂದು 2009ರಲ್ಲಿ ತೋರಿಸಿದರು. ನಾಯಿಯ ರೋಗಗಳು ಬೇರೆ.

ಮ್ಯಾಡಿಸನ್ನಿನ ತಾಯಿನರಿ ಸಭೆಯ ತೀರ್ಮಾನಕ್ಕೆ ಕಾಯಲಿಲ್ಲ. ಮರಿ ಸತ್ತ ಮೂರನೆಯ ದಿನ ಉಳಿದ ನಾಲ್ಕನ್ನೂ ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಎಲ್ಲಿಗೋ ಸಾಗಿಸಿತು. ಮುದುಕಿ ಊರುಗೋಲು ಹಿಡಿದು ಹುಡುಕಿ ಹುಡುಕಿ ಕೊನೆಗೆ ಪತ್ತೆಹಚ್ಚಿದರು: ಎರಡು ಬೀದಿಯಾಚೆ, ಹಗಲೂ ರಾತ್ರಿ ಬಸ್ಸುಗಳು ಗುಡುಗುವ ದೊಡ್ಡ ರಸ್ತೆಯ ಪಕ್ಕದ ಇಳಿಜಾರಿನಲ್ಲಿ. ಕಾಯೋಟಿಗಿಂತ ಬಸ್ಸು ವಾಸಿಯೆಂದು ಅದು ಲೆಕ್ಕ ಹಾಕಿರಬೇಕು. ಜುಲೈ ತಿಂಗಳಲ್ಲಿ ನಾವು ನೋಡಿದಾಗ ಮೂರು ಮರಿಗಳಿದ್ದವು. ನಾಲ್ಕನೆಯದನ್ನು ತೆಗೆದದ್ದು ಕಾಯೋಟಿಯೋ ಬಸ್ಸೋ, ಗೊತ್ತಾಗಲಿಲ್ಲ.

ಈಚೆಗೆ ಮಗಳು ದೂರವಾಣಿಯಲ್ಲಿ ಹೇಳಿದಳು: ಸರೋವರ ಹೆಪ್ಪುಗಟ್ಟಿದೆ, ಅದರ ಮೇಲಿನ ಹಿಮದಲ್ಲಿ ಕಾಯೋಟಿಯ ಹೆಜ್ಜೆಗಳು ದಡದಿಂದ ದಡಕ್ಕೆ ನೇರವಾಗಿ ಹೋಗಿವೆಯಂತೆ. ಪಕ್ಕದ ಮನೆಯ ಕೊಟ್ಟಿಗೆಯ ಬಳಿ ಹೊಸ ಮಣ್ಣು ಬಿದ್ದಿದೆ. ಮುದುಕಿ ಅದರ ನೆಲಹಲಗೆಯ ದುರಸ್ತಿಗೆ ಬಡಗಿಯನ್ನು ಗೊತ್ತುಮಾಡಿದ್ದರು. ಈಗ ಜೂನ್ ಕಳೆಯಲೆಂದು ಅವನಿಗೆ ಹೇಳಿ ಕಳುಹಿಸಿದ್ದಾರೆ.